ಬೋರಲು ಮೇಸ್ತ್ರಿ

ನಮ್ಮ ಮನೆಗೆ ಕಾಲಿಟ್ಟ ಮೊದಲ ದಿನ ಆ ಮನುಷ್ಯ ಮಾಡಿದ ಮೊದಲ ಕೆಲಸವೆಂದರೆ ಗ್ಯಾರೇಜಿನ ನಟ್ಟನಡುವೆ ಬೋರಲು ಬಿದ್ದದ್ದು. ನಮಸ್ಕಾರವಿಲ್ಲ, ಕುಶಲಪ್ರಶ್ನೆಯಿಲ್ಲ, ಕರೆದದ್ದು ಯಾಕೆ ಎಂಬ ವಿಚಾರಣೆಯೂ ಇಲ್ಲ. ಶಟರಿನ ಹೊರಗೆ ಚಪ್ಪಲಿ ಬಿಟ್ಟು, ಕೋಟಿನ ಎರಡು ಅಂಚುಗಳನ್ನು ಎದೆಗೆ ಒತ್ತಿ ಹಿಡಿದು, ಮೊಣಕಾಲೂರಿ, ಮರುಕ್ಷಣವೇ ಉದ್ದಕ್ಕೆ ಚಾಚಿಕೊಂಡು ಬಲಗೆನ್ನೆಯನ್ನು ಸಿಮೆಂಟಿಗೆ ಅಂಟಿಸಿಬಿಟ್ಟರು. ಒಳಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ "ಅಯ್ಯೋ, ಬಿದ್ಬಿಟ್ರು" ಎಂದು ಕೂಗಿದಳು. ಅದನ್ನು ಕೇಳಿ ಮಹಡಿಯ ಕೋಣೆಯಿಂದ ಅಕ್ಕ ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದು ಕೈಯಲ್ಲಿ ಬೀಸಣಿಗೆ ಹಿಡಿದು ದಡದಡನೆ ಇಳಿದು ಬಂದಳು. ನಾನು ಅವರ ಭುಜಕ್ಕೆ ಕೈಹಾಕಿ ಮಗುಚಲು ಬಗ್ಗಿದೆ. ಆಗ ನೆಲದ ಕಡೆಯಿಂದ ಶಾಂತವಾದ ಒಂದು ಧ್ವನಿ ಬಂತು: "ಬೆಳಕಿಗೆ ಅಡ್ಡ ನಿಂತಿದ್ದೀರಿ ಸ್ವಾಮಿ. ಸ್ವಲ್ಪ ಆ ಕಡೆ ಸರೀರಿ."

ನಾವು ಮೂವರೂ ಸರಿದೆವು. ಅಕ್ಕ ತಂದ ನೀರನ್ನು ಕಡೆಗೆ ನಾನೇ ಕುಡಿದೆ.

ಗ್ಯಾರೇಜಿನ ನೆಲಕ್ಕೆ ಲೇಪ ಹಚ್ಚುವುದು ಅವರ ವೃತ್ತಿ. ಎಣ್ಣೆ ಕುಡಿದು, ಟೈರು ತಿಂದು, ಧೂಳು ಉದುರಿಸುವ ಸಿಮೆಂಟಿನ ನೆಲವನ್ನು ಉಜ್ಜಿ, ಒಣಗಿಸಿ, ಅದರ ಮೇಲೆ ಗಟ್ಟಿಯಾದ ಒಂದು ಚರ್ಮ ಹೊದಿಸುವ ಈ ಕಸುಬಿನವರು ನಮ್ಮೂರಿನಲ್ಲಿ ನಾಲ್ಕೈದು ಮಂದಿಯಾದರೂ ಇದ್ದಾರೆ. ಆದರೆ ನೆಲದ ಮೇಲೆ ಹೀಗೆ ಮಲಗಿ ಅದರ ಯೋಗಕ್ಷೇಮ ವಿಚಾರಿಸುವವರು ಇವರೊಬ್ಬರೇ. ಆದ್ದರಿಂದ ಬೀದಿಯವರೆಲ್ಲ ಅವರನ್ನು ಬೋರಲು ಮೇಸ್ತ್ರಿ ಎಂದೇ ಕರೆಯುತ್ತಾರೆ, ಬೆನ್ನ ಹಿಂದೆಯೂ, ಮುಖದ ಮುಂದೆಯೂ. ಅವರಿಗೆ ಇದರಿಂದ ಯಾವ ಬೇಸರವೂ ಆದಂತೆ ಕಾಣೆ. ಆ ದಿನ ನಾನು ಮನಸ್ಸಿನಲ್ಲೇ ಅವರನ್ನು 'ಯಾವನಪ್ಪ ಇವನು' ಎಂದು ಬೈದುಕೊಂಡದ್ದು ನಿಜ. ಈಗ ಹಾಗೆ ಬರೆಯಲು ಕೈ ಬರುವುದಿಲ್ಲ.

ಆರಡಿ ಎತ್ತರದ ಕೃಶ ಶರೀರ. ಹೆಜ್ಜೆ ಇಡುವಾಗ ಮೊದಲು ಬೆರಳುಗಳು, ಆಮೇಲೆ ಪಾದ, ಎಲ್ಲಕ್ಕೂ ಕಡೆಗೆ, ಇಡಬೇಕೋ ಬೇಡವೋ ಎಂಬ ಸಂಶಯದಿಂದ, ಹಿಮ್ಮಡಿ. ಹಸಿ ಲೇಪದ ಅಂಚಿನಲ್ಲಿ ಜೀವಮಾನವೆಲ್ಲ ಓಡಾಡಿದ ಕಾಲು ಗಟ್ಟಿ ರಸ್ತೆಯ ಮೇಲೂ ಆ ಅಭ್ಯಾಸವನ್ನು ಬಿಟ್ಟಿರಲಿಲ್ಲ. ಯಾವ ಕಾಲದಲ್ಲೋ ಬೂದುಬಣ್ಣದ್ದಾಗಿದ್ದ ದಪ್ಪ ಕ್ಯಾನ್ವಾಸಿನ ಕೋಟು ಚಳಿಯಿರಲಿ, ಸೆಕೆಯಿರಲಿ, ಮೈಮೇಲೆ ಇದ್ದೇ ಇರುತ್ತಿತ್ತು. ಅದರಲ್ಲಿ ಒಂದೇ ಒಂದು ಗುಂಡಿಯಿಲ್ಲ ಎಂಬುದನ್ನು ಮೊದಲು ಗಮನಿಸಿದವಳು ಅಕ್ಕ. "ಮೇಸ್ತ್ರಿಗಳೇ, ಕೋಟು ಬಿಚ್ಚಿ ಕೊಡಿ, ನಾಲ್ಕು ಗುಂಡಿ ಹಾಕ್ಕೊಡ್ತೀನಿ" ಎಂದಳು. "ಬೇಡಮ್ಮ. ನಾನೇ ಕಿತ್ತಿದ್ದು. ಮಲಗಿದಾಗ ಗುಂಡಿ ನೆಲ ಗೀರುತ್ತೆ" ಎಂದು ಅವರು ಪಕ್ಕೆಯ ಹತ್ತಿರ ಕಟ್ಟಿದ್ದ ದಾರವನ್ನು ತೋರಿಸಿದರು. ಬಲಗೆನ್ನೆಯ ಚರ್ಮ ಮಾತ್ರ ನಮ್ಮ ನಿಮ್ಮ ಹಿಮ್ಮಡಿಯಷ್ಟು ಒರಟಾಗಿತ್ತು. ಮಾತಾಡುವಾಗ ಎದುರಿಗಿರುವವರ ಮುಖ ನೋಡುವ ಪದ್ಧತಿಯೇ ಇರಲಿಲ್ಲ, ಕಣ್ಣು ನೆಲದಲ್ಲಿ ನೆಟ್ಟಿರುತ್ತಿತ್ತು, ಎರಡು ಮಾತಿಗೊಮ್ಮೆ "ಹೌದೋ ಅಲ್ವೋ?" ಎನ್ನುತ್ತಿದ್ದರು. ಅದು ನಮ್ಮನ್ನು ಕೇಳಿದ್ದೋ ನೆಲವನ್ನು ಕೇಳಿದ್ದೋ ತಿಳಿಯದೆ ನಾವು ಸುಮ್ಮನಿರುತ್ತಿದ್ದೆವು.

ಅವರ ಬಗ್ಗೆ ಬೀದಿಯಲ್ಲಿ ಕಥೆಗಳಿಗೇನೂ ಕೊರತೆಯಿರಲಿಲ್ಲ. ತಿರುವಿನ ಮನೆಯ ಹಲ್ಲಿನ ಡಾಕ್ಟರು ದುಬಾರಿ ಲೇಪವೊಂದನ್ನು ಆರಿಸಿಟ್ಟುಕೊಂಡು ಇವರನ್ನು ಕರೆಸಿದರಂತೆ. ಇವರು ಮಲಗಿದರು, ಎದ್ದರು, "ಈ ನೆಲಕ್ಕೆ ಏನೂ ಬೇಡ ಡಾಕ್ಟ್ರೇ, ಗುಡಿಸಿ ಸಾಕು" ಎಂದು ಹೇಳಿ ಹೊರಟೇಬಿಟ್ಟರು. ಗಟ್ಟಿಯಿದ್ದ ಹಲ್ಲನ್ನು ಕೀಳಿಸಲು ಬಂದವರಿಗೆ ಹೇಳಬೇಕಾದ ಮಾತನ್ನು ತನಗೇ ಹೇಳಿದನಲ್ಲ ಎಂದು ಡಾಕ್ಟರಿಗೆ ವಾರವಿಡೀ ಸಮಾಧಾನವಿರಲಿಲ್ಲ. ಅದಕ್ಕಿಂತ ದೊಡ್ಡ ರಾದ್ಧಾಂತ ವಕೀಲರ ಮನೆಯಲ್ಲಿ ನಡೆಯಿತು. ಅಲ್ಲಿ ಮೇಸ್ತ್ರಿ ನೆಲದಿಂದ ಕೆನ್ನೆ ಎತ್ತದೆಯೇ, "ಹಿಂದಿನ ಎಡಗಡೆ ಚಕ್ರದ ಹತ್ತಿರ ಯಾರೋ ದಿನಾ ಸಿಗರೇಟು ಹೊಸಕ್ತಾರೆ. ಲೇಪ ಸುಡುತ್ತೆ, ಅವರಿಗೆ ಹೇಳಿ" ಎಂದರಂತೆ. ಮೂರು ವರ್ಷದ ಹಿಂದೆಯೇ ಸಿಗರೇಟು ಬಿಟ್ಟಿದ್ದೇನೆಂದು ಹೆಂಡತಿಯ ತಲೆ ಮುಟ್ಟಿ ಹೇಳಿದ್ದ ವಕೀಲರು ಅಲ್ಲೇ ನಿಂತಿದ್ದರು, ಅವರ ಹೆಂಡತಿಯೂ ನಿಂತಿದ್ದರು. ಎಷ್ಟೋ ಮೊಕದ್ದಮೆಗಳನ್ನು ಗೆದ್ದ ಆ ನಾಲಗೆ ಅಂದು ಹೊರಳಲಿಲ್ಲವೆಂದು ಅವರ ಮನೆಯ ಅಡುಗೆಯಾಕೆ ನಮಗೆ ಹೇಳಿದಳು. ನಾನು ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ನಮಗೆ ಲೇಪ ಬೇಕಾದದ್ದು ಅಕ್ಕನಿಗಾಗಿ. ಅಕ್ಕ ಅಚ್ಚುಕೂಟಗಳಿಗೆ ಕರಡು ತಿದ್ದಿಕೊಡುವವಳು. ಮೂವತ್ತು ವರ್ಷ ಶಾಲಾಪುಸ್ತಕಗಳ ಕರಡನ್ನು ಅವಳ ಕೆಂಪು ಪೆನ್ಸಿಲು ದಾಟದೆ ಯಾರೂ ಅಚ್ಚಿಗೆ ಕಳಿಸಿದವರಿಲ್ಲ. ಅವಳ ಕೋಣೆ ಗ್ಯಾರೇಜಿನ ಸರಿಯಾಗಿ ಮೇಲೆ. ಹನ್ನೊಂದು ತಿಂಗಳಿಂದ ಅವಳಿಗೆ ತಲೆನೋವು: ಬೆಳಗ್ಗೆ ಏಳುತ್ತಿದ್ದಂತೆ ಹಿಡಿಯುವುದು, ಮಧ್ಯಾಹ್ನದ ಊಟದ ಹೊತ್ತಿಗೆ ಬಿಡುವುದು. ಕನ್ನಡಕ ಎರಡು ಸಲ ಬದಲಾಯಿತು, ಮಾತ್ರೆಗಳು ಬದಲಾದವು, ವಯಸ್ಸಾಯಿತು ಎಂದು ಒಬ್ಬರೂ, ನರದೌರ್ಬಲ್ಯವೆಂದು ಇನ್ನೊಬ್ಬರೂ ಹೇಳಿದರು. ಅಷ್ಟರಲ್ಲಿ ಅವಳ ಕೈ ತಪ್ಪತೊಡಗಿತು. ಗಣಿತದ ಪುಸ್ತಕವೊಂದರಲ್ಲಿ ಇಡೀ ಒಂದು ಪುಟದ ಲೆಕ್ಕಗಳು ತಲೆಕೆಳಗಾಗಿದ್ದುದನ್ನು ಅವಳು ನೋಡದೆ ಬಿಟ್ಟಳು. ಅಚ್ಚುಕೂಟದ ಮ್ಯಾನೇಜರು ಬಹಳ ಮರ್ಯಾದೆಯಿಂದ, "ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ ಅಮ್ಮ" ಎಂದು ಕಾಗದ ಬರೆದರು. ಆ ಕಾಗದವನ್ನು ಅಕ್ಕ ನಾಲ್ಕು ಮಡಿಕೆ ಮಾಡಿ ಕನ್ನಡಕದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು. ಆಮೇಲೆ ಅವಳು ಕೆಂಪು ಪೆನ್ಸಿಲನ್ನು ಚೂಪು ಮಾಡುವುದನ್ನೂ ಬಿಟ್ಟಳು.

ವಿಚಿತ್ರವೆಂದರೆ ಭಾನುವಾರ ಮಾತ್ರ ಅವಳಿಗೆ ತಲೆನೋವು ಬರುತ್ತಿರಲಿಲ್ಲ. "ನೋಡಮ್ಮ, ನಿನ್ನ ತಲೆನೋವೂ ಸರ್ಕಾರಿ ನೌಕರಿಯಲ್ಲಿದೆ, ವಾರಕ್ಕೊಂದು ರಜೆ ತಗೊಳ್ಳುತ್ತೆ" ಎಂದು ನಾನು ಪ್ರತಿ ಭಾನುವಾರ ತಿಂಡಿಯ ಮುಂದೆ ಹೇಳುತ್ತಿದ್ದೆ. ಕೆಲಸಗಳ್ಳಿಯ ನೆವವೆಂಬ ಸಣ್ಣ ಅನುಮಾನ ಆ ನಗೆಯಲ್ಲಿ ಇತ್ತು. ಅಕ್ಕ ನಗುತ್ತಿದ್ದಳು, ಯಾಕೆಂದರೆ ನಾನು ಅವಳ ತಮ್ಮ.

ಕೊನೆಗೆ ಬಂದ ಡಾಕ್ಟರು ಕೋಣೆಯಲ್ಲೊಮ್ಮೆ ಮೂಗೆಳೆದು, "ಕೆಳಗಿಂದ ಎಣ್ಣೆ, ಪೆಟ್ರೋಲಿನ ವಾಸನೆ ಬರುತ್ತಲ್ಲ, ಕೆಲವರಿಗೆ ಅದೇ ಆಗಿಬರಲ್ಲ" ಎಂದರು. ಗ್ಯಾರೇಜಿನ ನೆಲ ನಮಗಿಂತ ಮೊದಲಿದ್ದವರ ಕಾಲದಿಂದ ಎಣ್ಣೆ ಕುಡಿದು ಕಪ್ಪಾಗಿತ್ತು. ಅದರ ಮೇಲೆ ಲೇಪ ಬಿದ್ದರೆ ವಾಸನೆ ಅಲ್ಲೇ ಅಡಗುತ್ತದೆ, ವಾಸನೆ ಅಡಗಿದರೆ ತಲೆನೋವೂ ಅಡಗುತ್ತದೆ ಎಂದು ನಾನು ತೀರ್ಮಾನಿಸಿದೆ. ಹೇಳಿಕೇಳಿ ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಯಾವ ರಾಳಕ್ಕೆ ಯಾವ ಗಟ್ಟಿಕಾರಕ ಸೇರಿದರೆ ಏನಾಗುತ್ತದೆಂದು ನಾಲ್ಕು ಕಂಪನಿಗಳ ಬಣ್ಣದ ಪುಸ್ತಕಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಹದಿನೈದು ದಿನ ಅಧ್ಯಯನ ಮಾಡಿದೆ. ಎರಡು ಡಬ್ಬಿ ಬೆರೆಸಿ ಹಚ್ಚುವ ದಪ್ಪನೆಯ ಎಪಾಕ್ಸಿ, ಕಡುಗಪ್ಪು, ಮುಖ ಕಾಣುವಷ್ಟು ಹೊಳಪು; ಇದೇ ಆಗಬೇಕೆಂದು ಗುರುತು ಹಾಕಿಟ್ಟೆ.

ಆ ಶನಿವಾರ ಮಧ್ಯಾಹ್ನ, ನೆಲದ ಮೇಲೆ ಮಲಗಿದ್ದ ಮೇಸ್ತ್ರಿಗೆ ನಾನು ಈ ವಿಷಯದಲ್ಲಿ ಒಂದು ಉಪನ್ಯಾಸವನ್ನೇ ಕೊಟ್ಟೆ. ಅವರು ಅಡ್ಡ ಬರಲಿಲ್ಲ. ಕೆನ್ನೆಯನ್ನು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಬದಲಿಸುತ್ತ, ಕೊನೆಗೆ ಶಟರಿನ ಹತ್ತಿರ ಹೋಗಿ ಬಹಳ ಹೊತ್ತು ಅಲ್ಲೇ ಉಳಿದರು. ಎದ್ದವರು ಶಟರಿನ ಒಳಮೈಯನ್ನು ಮೊಣಕಾಲಿನ ಎತ್ತರದಲ್ಲಿ ಬೆರಳಿನಿಂದ ಒರೆಸಿ, ಬೆರಳನ್ನು ನೋಡಿ, ಮೂಸಿ, ಕೋಟಿಗೆ ಒರೆಸಿಕೊಂಡರು. ನಾನು ರಾಳದ ಅಣುರಚನೆಗೆ ಬಂದಿದ್ದೆ. ಒಂದು ಮೊಳದಗಲದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕಿಟ್ಟು ನಾಲ್ಕು ಅಂಚಿಗೂ ಟೇಪು ಅಂಟಿಸಿ, "ನಾಳೆ ಇದೇ ಹೊತ್ತಿಗೆ ಬರ್ತೀನಿ. ಇದರ ಕೆಳಗೆ ನೀರಿಳಿದಿದ್ರೆ ನಿಮ್ಮ ದಪ್ಪದ್ದು ನಿಲ್ಲಲ್ಲ, ಹಪ್ಪಳ ಎದ್ದ ಹಾಗೆ ಎದ್ದು ಬರುತ್ತೆ. ಹೌದೋ ಅಲ್ವೋ?" ಎಂದು ಹೊರಟರು. ಶಾಸ್ತ್ರವನ್ನು ಓದದವನ ಹಟವೆಂದು ನಾನು ಹೆಂಡತಿಗೆ ಹೇಳಿದೆ.

ಮರುದಿನ ಭಾನುವಾರ. ಮೇಸ್ತ್ರಿ ಹಾಳೆ ಬಿಚ್ಚಿದರು. ಒಳಗೆ ಸಣ್ಣ ಸಣ್ಣ ಹನಿಗಳಿದ್ದವು. ಅಕ್ಕ ಲವಲವಿಕೆಯಿಂದ ಎಲ್ಲರಿಗೂ ಕಾಫಿ ತಂದಳು. ನಾನು ಎಂದಿನ ಹಾಸ್ಯವನ್ನು ಅತಿಥಿಯ ಮುಂದೆ ಇನ್ನಷ್ಟು ಸ್ವಾರಸ್ಯವಾಗಿ ಒಪ್ಪಿಸಿದೆ: "ಮೇಸ್ತ್ರಿಗಳೇ, ನಮ್ಮಕ್ಕನ ತಲೆನೋವಿಗೆ ಭಾನುವಾರ ರಜೆ."

ಮೇಸ್ತ್ರಿ ಕಾಫಿಯ ಲೋಟವನ್ನು ಕೆಳಗಿಟ್ಟರು. ನೆಲದಿಂದ ಕಣ್ಣೆತ್ತಿ ಮೊದಲ ಸಲ ನನ್ನ ಮುಖ ನೋಡಿದರು.

"ಭಾನುವಾರ ನೀವು ಕಾರು ತೆಗೆಯಲ್ವಾ?"

"ಇಲ್ಲ, ಕಾಲೇಜಿಲ್ವಲ್ಲ."

"ಬೇರೆ ದಿನ ಬೆಳಗ್ಗೆ ಶಟರು ಮುಚ್ಕೊಂಡೇ ಎಂಜಿನ್ ಬಿಡ್ತೀರಿ."

ಅದು ಪ್ರಶ್ನೆಯಾಗಿರಲಿಲ್ಲ. ಆದರೂ ನಾನು ಸ್ವಲ್ಪ ಹೆಮ್ಮೆಯಿಂದಲೇ ಉತ್ತರಿಸಿದೆ. ನಮ್ಮದು ಹಳೆಯ ಕಾರು. ಚೋಕು ಎಳೆದು ಸುಮಾರು ಕಾಲು ಗಂಟೆ ಬಿಸಿಮಾಡದಿದ್ದರೆ ತಿರುವಿನಲ್ಲೇ ನಿಂತುಬಿಡುತ್ತದೆ. ಅದರ ಗದ್ದಲದಿಂದ ನಿದ್ದೆ ಕೆಡುತ್ತದೆಂದು ಪಕ್ಕದ ಮನೆಯವರು ಒಮ್ಮೆ ಆಕ್ಷೇಪಿಸಿದ ಮೇಲೆ, ಅವರಿಗೂ ತೊಂದರೆಯಾಗಬಾರದು, ಮೇಲೆ ಮಲಗಿರುವ ಅಕ್ಕನಿಗೂ ಎಚ್ಚರವಾಗಬಾರದು ಎಂದು ಶಟರನ್ನು ಎತ್ತದೆ ಎಂಜಿನ್ ಚಾಲೂ ಮಾಡಿ, ನಾನು ಒಳಗೆ ಹೋಗಿ ಗಡ್ಡ ಕೆರೆದುಕೊಂಡು ಬರುವ ಪದ್ಧತಿಯಿಟ್ಟುಕೊಂಡಿದ್ದೆ. ಹೊರಡುವಾಗ ಒಂದೇ ಸಲ ಶಟರು ಎತ್ತುವುದು, ಒಂದೇ ಸಲ ಸದ್ದು.

"ಎಷ್ಟು ದಿನದಿಂದ?"

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಹೆಂಡತಿ, "ಹನ್ನೊಂದು ತಿಂಗಳು" ಎಂದಳು.

ಮೇಸ್ತ್ರಿ ನನ್ನ ಕೈ ಹಿಡಿದು ಶಟರಿನ ಹತ್ತಿರ ಕರೆದುಕೊಂಡು ಹೋಗಿ, "ಮಲಗಿ" ಎಂದರು. ನಾನು ಮಲಗಿದೆ. ಕೆನ್ನೆ ನೆಲಕ್ಕಿಟ್ಟು ನೋಡಿದಾಗ, ನಿಂತು ನೋಡಿದಾಗ ಕಾಣದೇ ಇದ್ದದ್ದು ಕಂಡಿತು: ಕಾರಿನ ಹೊಗೆಕೊಳವೆ ಇರುವ ಜಾಗದಿಂದ ಶಟರಿನವರೆಗೆ ಬೀಸಣಿಗೆಯಾಕಾರದಲ್ಲಿ ಹರಡಿದ ಕರಿಯ ಚುಕ್ಕಿಗಳು, ಶಟರಿನ ಒಳಮೈಯಲ್ಲಿ ಅಂಗೈಯಗಲದ ಒಂದು ಮಸಿ. ಶಟರು ತೆರೆದಿದ್ದರೆ ಆ ಮಸಿ ಅಲ್ಲಿರುವುದು ಸಾಧ್ಯವಿರಲಿಲ್ಲ. ಅವರು ತಲೆಯ ಮೇಲಿನ ಚಾವಣಿಯನ್ನು ತೋರಿಸಿದರು. ನೀರಿನ ಕೊಳವೆಯೊಂದು ಅದನ್ನು ತೂರಿ ಮೇಲೆ ಹೋಗುವ ಕಡೆ ಸುತ್ತ ಎರಡು ಬೆರಳಿನಷ್ಟು ಸಂದು, ಸಂದಿನ ಸುತ್ತ ಬಳೆಯಂತೆ ಕಪ್ಪು.

"ಅಮ್ಮ, ನಿಮ್ಮ ರೂಮಿಗೆ ಒಂದು ಸಲ ಬರ್ಲಾ?" ಎಂದು ಅಕ್ಕನ ಅಪ್ಪಣೆ ಕೇಳಿ ಅವರು ಮೇಲೆ ಹತ್ತಿದರು. ಅಲ್ಲಿಯೂ ಬೋರಲು ಮಲಗಿದರು. ಕೊಳವೆಯ ಸಂದು ಇದ್ದದ್ದು ಅಕ್ಕ ಕರಡು ತಿದ್ದುವ ಕುರ್ಚಿಯ ಕೆಳಗೇ.

"ಕುರ್ಚಿ ಇಲ್ಲೇ ಯಾಕಮ್ಮ ಹಾಕ್ಕೊಂಡಿದ್ದೀರಿ? ಕಿಟಕಿ ಆ ಕಡೆ ಇದೆಯಲ್ಲ."

ಅಕ್ಕ ಹೇಳಿದಳು. "ಬೆಳಗ್ಗೆ ಹೊತ್ತು ಆ ಸಂದಿಯಿಂದ ಬೆಚ್ಚಗೆ ಗಾಳಿ ಬರುತ್ತೆ ಮೇಸ್ತ್ರಿಗಳೇ. ಕಾಲು ತಣ್ಣಗಿರುತ್ತಲ್ಲ, ಅಲ್ಲಿ ಇಟ್ಕೊಂಡ್ರೆ ಹಿತ."

ಇಪ್ಪತ್ತೆರಡು ವರ್ಷಗಳಿಂದ, ಪ್ರತಿ ವರ್ಷ ಒಂದೇ ತಿಂಗಳಿನಲ್ಲಿ, ಒಂದೇ ಧಾಟಿಯಲ್ಲಿ ನಾನು ಹುಡುಗರಿಗೆ ಬರೆಸುತ್ತಿದ್ದ ಟಿಪ್ಪಣಿ ನನ್ನ ಕಿವಿಯಲ್ಲಿ ನನ್ನದೇ ಧ್ವನಿಯಲ್ಲಿ ಕೇಳಿಸಿತು: ಇಂಗಾಲದ ಮಾನಾಕ್ಸೈಡು, ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸುತ್ತದೆ, ಮುಚ್ಚಿದ ಜಾಗದಲ್ಲಿ ಎಂಜಿನ್ನನ್ನು ಚಾಲೂ ಇಡಕೂಡದು, ಕೆಳಗೆ ಗೆರೆ ಎಳೆಯಿರಿ, ಪರೀಕ್ಷೆಗೆ ಬರುತ್ತದೆ. ಗೆರೆ ಎಳೆಸಿದವನು ನಾನು. ಆ ಟಿಪ್ಪಣಿಯನ್ನು ಬರೆಸಲೆಂದು ಬೆಳಗ್ಗೆ ಹೊರಟ ದಿನವೂ ಶಟರು ಮುಚ್ಚಿ ಎಂಜಿನ್ ಬಿಟ್ಟೇ ಹೊರಟಿರಬೇಕು. ನನ್ನ ನಾಲಗೆ ಅಂಗುಳಕ್ಕೆ ಅಂಟಿತು. ವಕೀಲರ ನಾಲಗೆ ಹೊರಳಲಿಲ್ಲವೆಂದು ನಕ್ಕಿದ್ದು ಆಗ ನೆನಪಾಯಿತು.

ಆದರೆ ಅಕ್ಕನ ಮುಖದಲ್ಲಿ ನಾನು ಹೆದರಿದ್ದ ಸಿಟ್ಟು ಇರಲಿಲ್ಲ. ಕುರ್ಚಿಯನ್ನೂ ಸಂದನ್ನೂ ನೋಡುತ್ತ ನಿಂತಿದ್ದವಳು ಕೇಳಿದ್ದು ಇಷ್ಟೇ: "ಹಾಗಾದ್ರೆ ನನ್ನ ಕಣ್ಣು ಸರಿಯಾಗೇ ಇದೆ ಅನ್ನಿ?"

"ಕಣ್ಣಿಗೇನಾಗಿದೆ ನಿಮಗೆ" ಎಂದರು ಮೇಸ್ತ್ರಿ, ನೆಲ ನೋಡುತ್ತ.

ಅಂದೇ ಅವರು ಕೊಳವೆಯ ಸಂದನ್ನು ಮೇಲಿನಿಂದಲೂ ಕೆಳಗಿನಿಂದಲೂ ಮುಚ್ಚಿದರು. ಮುಚ್ಚುತ್ತಲೇ, "ಇದನ್ನ ಮುಚ್ಚಿದ್ದೀನಿ ಅಂತ ಮತ್ತೆ ಒಳಗೆ ಎಂಜಿನ್ ಬಿಟ್ಟೀರಿ ಮತ್ತೆ. ಕಾರು ಹೊರಗೆ ತಳ್ಳಿ, ಹೊರಗೇ ಚಾಲೂ ಮಾಡಿ" ಎಂದು ನನ್ನನ್ನು ಗದರಿದರು; ಅಕ್ಕನನ್ನು ಆ ಮಧ್ಯಾಹ್ನವೇ ಆಸ್ಪತ್ರೆಗೆ ಹೊರಡಿಸಿದರು. ಆಸ್ಪತ್ರೆಯ ಡಾಕ್ಟರು ವಿವರವನ್ನೆಲ್ಲ ಕೇಳಿ, ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟು, "ಚಳಿ ಇನ್ನೊಂದಿಷ್ಟು ಹೆಚ್ಚಾಗಿ ನೀವು ಎಂಜಿನ್ನನ್ನು ಇನ್ನರ್ಧ ಗಂಟೆ ಹೆಚ್ಚು ಬಿಟ್ಟಿದ್ರೆ ನಾವು ಈ ಮಾತು ಆಡ್ತಾ ಇರ್ಲಿಲ್ಲ" ಎಂದರು. ನನ್ನ ಕಡೆ ತಿರುಗಿ, ನಾನು ಏನು ಕೆಲಸ ಮಾಡುವವನೆಂದು ಕೇಳಿದರು. ಮೇಷ್ಟ್ರು ಎಂದಷ್ಟೇ ಹೇಳಿದೆ, ಯಾವ ವಿಷಯವೆಂದು ಹೇಳಲಿಲ್ಲ.

ನೆಲದ ಕೆಲಸವನ್ನು ಮೇಸ್ತ್ರಿ ಎರಡು ವಾರ ಶುರುಮಾಡಲೇ ಇಲ್ಲ. ದಿನಾ ಮಧ್ಯಾಹ್ನ ಬಂದು ಗೇಟಿನ ಹೊರಗೇ ನಿಂತು, "ಅಮ್ಮ, ಇವತ್ತು ಹೇಗೆ?" ಎಂದು ಕೇಳಿ ಹೋಗುವರು. ಸೋಮವಾರ ಅಕ್ಕನಿಗೆ ತಲೆನೋವು ಬರಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಬೆಳಗ್ಗೆ ನಾನು ಕಾರನ್ನು ಬೀದಿಗೆ ತಳ್ಳುತ್ತಿದ್ದಾಗ ಮೇಲಿನ ಕಿಟಕಿಯಿಂದ ಪೆನ್ಸಿಲಿನ ಚೂರುಗಳು ನನ್ನ ತಲೆಯ ಮೇಲೆ ಉದುರಿದವು. ನಾನು ಆ ಚೂರುಗಳನ್ನು ಕೊಡವಿಕೊಳ್ಳದೆ ಕಾಲೇಜಿಗೆ ಹೋದೆ.

ಎರಡು ವಾರದ ನಂತರ ಲೇಪದ ಮಾತು ಮತ್ತೆ ಬಂತು. ನನಗೆ ಇನ್ನೂ ಕಡುಗಪ್ಪಿನ ಆಸೆ ಹೋಗಿರಲಿಲ್ಲ. ಆ ಚುಕ್ಕಿಗಳೂ ಆ ಮಸಿಯೂ ಕಣ್ಣಿಗೆ ಬೀಳದಂತಾದರೆ ಸಾಕೆಂಬ ಹೊಸದೊಂದು ಕಾರಣವೂ ಸೇರಿತ್ತು. ಮೇಸ್ತ್ರಿ ತಲೆಯಾಡಿಸಿದರು. "ದಪ್ಪದ್ದು ಬೇಡ, ಅಡಿಯಿಂದ ತೇವ ಬರ್ತಿದೆ. ತೆಳ್ಳಗೆ, ಉಸಿರಾಡೋ ಅಂಥದ್ದು ಹಾಕೋಣ. ಹೊಳಪು ಬೇಡ, ನೀರು ಬಿದ್ರೆ ಅಮ್ಮ ಜಾರ್ತಾರೆ. ಸ್ವಲ್ಪ ಮರಳು ಬೆರೆಸ್ತೀನಿ. ಕಪ್ಪಂತೂ ಬೇಡವೇ ಬೇಡ ಮೇಷ್ಟ್ರೇ, ತಿಳಿಬೂದಿ ಹಾಕ್ತೀನಿ."

"ತಿಳಿ ಬಣ್ಣದ ಮೇಲೆ ಒಂದು ಹನಿ ಬಿದ್ರೂ ಕಲೆ ಕಾಣುತ್ತಲ್ಲ?"

"ಕಾಣ್ಲಿ ಅಂತಾನೇ ಹಾಕೋದು."

ಉಜ್ಜುವ ಯಂತ್ರ ಮೂರು ದಿನ ಗರಗರ ಅಂದಿತು, ಲೇಪ ಎರಡು ಸಲ ಬಿತ್ತು. ಕೆಲಸ ಮುಗಿದ ದಿನ ಅಕ್ಕ ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲೆ ಹೊಸ ಕರಡಿನ ಕಟ್ಟು ಇಟ್ಟುಕೊಂಡು, "ಅಷ್ಟು ಡಾಕ್ಟ್ರಿಗೆ ತಿಳೀಲಿಲ್ಲ, ನನ್ನ ತಮ್ಮನಿಗೆ ತಿಳೀಲಿಲ್ಲ, ನಿಮಗೆ ಹೇಗೆ ತಿಳೀತು?" ಎಂದು ಕೇಳಿದಳು.

ಮೇಸ್ತ್ರಿ ಬ್ರಷ್ಷು ತೊಳೆಯುತ್ತಿದ್ದರು. ತೊಳೆಯುತ್ತಲೇ ಹೇಳಿದರು. "ಮುಂಚೆ ನಾನೂ ನಿಂತೇ ನೋಡ್ತಿದ್ದೆ ಅಮ್ಮ. ಒಂದು ಮನೇಲಿ ಇದೇ ಚುಕ್ಕಿ ಇತ್ತು, ಶಟರಿನ ಮೇಲೆ ಇದೇ ಮಸಿ. ಕೊಳೆ ಅಂದ್ಕೊಂಡು ಸೋಪು ಹಾಕಿ ಉಜ್ಜಿ ಉಜ್ಜಿ ತೆಗೆದೆ, ಮೇಲೆ ಚೆನ್ನಾಗಿ ಕಪ್ಪು ಲೇಪ ಕೊಟ್ಟೆ. ಕನ್ನಡಿ ಹಾಗಿದೆ ಅಂತ ಹೊಗಳಿದ್ರು. ಚಳಿಗಾಲ ಬಂತು. ಮೇಲಿನ ರೂಮಲ್ಲಿದ್ದ ಅವರ ಅಮ್ಮ ಒಂದು ದಿನ ಬೆಳಗ್ಗೆ ಏಳಲಿಲ್ಲ." ಬ್ರಷ್ಷಿನಿಂದ ಇನ್ನೂ ಬಣ್ಣ ಬರುತ್ತಿತ್ತು, ಅವರು ನೀರು ಬದಲಿಸಿದರು. "ಅವತ್ತು ನಾನು ಮಲಗಿ ನೋಡಿದ್ರೆ ಗೊತ್ತಾಗ್ತಿತ್ತು. ಹೌದೋ ಅಲ್ವೋ?"

ಅದೊಂದು ಸಲ ಮಾತ್ರ ಆ ಪ್ರಶ್ನೆ ನೆಲವನ್ನಲ್ಲ, ನಮ್ಮನ್ನೇ ಕೇಳಿದ್ದೆಂಬುದರಲ್ಲಿ ನಮಗೆ ಅನುಮಾನವಿರಲಿಲ್ಲ. ಅಕ್ಕ ಇಳಿದು ಹೋಗಿ ಅವರ ಕೈಯಿಂದ ಬ್ರಷ್ಷು ತೆಗೆದುಕೊಂಡು ತಾನೇ ತೊಳೆದಳು.

ಈಗ ಪ್ರತಿ ಚಳಿಗಾಲದ ಆರಂಭದಲ್ಲಿ, ಯಾರೂ ಕರೆಯದಿದ್ದರೂ, ಗುಂಡಿಯಿಲ್ಲದ ಆ ಕೋಟು ನಮ್ಮ ಗ್ಯಾರೇಜಿನ ಮುಂದೆ ಬಂದು ನಿಲ್ಲುತ್ತದೆ. ಚಪ್ಪಲಿ ಬಿಡುತ್ತಾರೆ, ಮಲಗುತ್ತಾರೆ, ತಿಳಿಬೂದಿ ನೆಲದ ಮೇಲೆ ಕೆನ್ನೆಯಿಟ್ಟು ಶಟರಿನವರೆಗೆ ಒಮ್ಮೆ ನೋಡುತ್ತಾರೆ, ಏಳುತ್ತಾರೆ, ಹೋಗುತ್ತಾರೆ. ಅವರು ಹೀಗೆ ಮಲಗುವ ಮನೆಗಳು ಊರಿನಲ್ಲಿ ಎಷ್ಟಿವೆಯೋ ನನಗೆ ತಿಳಿಯದು. ಹೊಸದಾಗಿ ಬೀದಿಗೆ ಬಂದವರು ಅದನ್ನು ನೋಡಿ ಬೆಚ್ಚಿಬಿದ್ದು ಓಡಿ ಬರುತ್ತಾರೆ, ವಿಷಯ ತಿಳಿದ ಮೇಲೆ ನಗುತ್ತಾರೆ. ನಾನು ಈಗ ನಗುವುದಿಲ್ಲ.

ನಮ್ಮ ಕಲೆಗಳನ್ನು ಮುಚ್ಚಿಕೊಡುವವರನ್ನು ನಾವು ಒಳ್ಳೆಯ ಕಸುಬುದಾರರೆಂದು ಹೊಗಳುತ್ತೇವೆ, ಹೊಳಪು ಕೊಟ್ಟವರಿಗೆ ನಾಲ್ಕು ಮನೆಗಳ ವಿಳಾಸ ಕೊಡುತ್ತೇವೆ; ಕಲೆ ಯಾಕಾಯಿತೆಂದು ಕೇಳುವವರನ್ನು ಮಾತ್ರ ಅಧಿಕಪ್ರಸಂಗಿ ಎನ್ನುತ್ತೇವೆ. ಅಂಥವರು ಎಲ್ಲ ಕಸುಬಿನಲ್ಲೂ ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ, ಒಮ್ಮೆ ಎಲ್ಲೋ ತಪ್ಪಿ, ಆ ತಪ್ಪನ್ನು ಉಜ್ಜಿ ತೆಗೆಯದೆ, ಉಳಿದ ಆಯುಷ್ಯವೆಲ್ಲ ಪರರ ಮನೆಯ ನೆಲಕ್ಕೆ ಕೆನ್ನೆಯಿಟ್ಟು ಹುಡುಕುವವರು. ನಾನು ಹನ್ನೊಂದು ತಿಂಗಳು, ದಿನಾ ಬೆಳಗ್ಗೆ, ಅಕ್ಕನ ನಿದ್ದೆ ಕೆಡದಿರಲೆಂಬ ಪ್ರೀತಿಯಿಂದಲೇ ಅಕ್ಕನನ್ನು ಕೊಲ್ಲುತ್ತಿದ್ದೆ. ತಲೆಯೆತ್ತಿ ನಡೆಯುವ ನಮ್ಮಂಥ ಓದಿದವರಿಗೆ ಅದು ಕಾಣಬೇಕಾದರೆ ಅಂಥವರೊಬ್ಬರು ನಮ್ಮ ಮನೆಗೆ ಬಂದು ಬೋರಲು ಬೀಳಬೇಕಾಯಿತು.